ತೋಡೂರಿನ ಅಜ್ಜಿ ಮತ್ತು ನಾನು ಸುರಿಸಿದ ಮಳೆ

"ಮಳೆ ಎಲ್ಲಿತ್ತಾ ತಮಾ?"

ಹೋದ ಮೇ ತಿಂಗಳಲ್ಲಿ ತೋಡೂರಿನ ಒಂದು ಮನೆಯ ಜಗಲಿಯಲ್ಲಿ ಕೂತಿದ್ದಾಗ, ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ನನ್ನನ್ನು ಹೀಗೆ ಕೇಳಿದರು. ಅವತ್ತಿನಿಂದ ನನಗೆ ನಿದ್ದೆಯೇ ಬಂದಿಲ್ಲ ಅಂದರೆ ಜಾಸ್ತಿಯಾದೀತು. ಆದರೆ ಕಾರವಾರದಲ್ಲಿ ಜೂನಿನ ಮೊದಲ ಮಳೆ ಬಿದ್ದು, ಅಡುಗೆಮನೆಯ ಹಿಂದಿನ ಶೀಟಿನ ಮೇಲೆ ಸದ್ದು ಶುರುವಾದಾಗ ಒಂದು ಥರ ನಾಚಿಕೆ ಆಯಿತು. ಮಳೆ ಬಂದರೆ ನಾಚಿಕೊಳ್ಳುವ ಮನುಷ್ಯ ಈ ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು.

ನಡೆದಿದ್ದು ಇಷ್ಟು. 2006ರ ಜುಲೈನಲ್ಲಿ ಆ ಅಜ್ಜಿಯ ಮಾತನ್ನು ರೇಡಿಯೋಕ್ಕೆ ಅಂತ ರೆಕಾರ್ಡ್ ಮಾಡಿಕೊಂಡಿದ್ದೆ. ಸೀಬರ್ಡ್ ಅಂದರೆ ಕಾರವಾರದ ನೌಕಾನೆಲೆಯ ಯೋಜನೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಆ ಎರಡು ಇಸವಿಗಳ ನಡುವೆ ಅರಗಾದ ಕಡೆಯ ಎಷ್ಟೋ ಮನೆಗಳ ಹೆಂಚು ಇಳಿಯಿತು, ತೋಡೂರು, ಮುದಗಾದಂಥ ಕಡೆ ಮನೆ ಬಿಟ್ಟವರ ಕಾಲೊನಿಗಳು ಎದ್ದವು. ನಮ್ಮ ಅಜ್ಜಿಯದೂ ಅಂಥದೇ ಒಂದು ಮನೆ. "ಮನೆ ಬಿಟ್ಟ ದಿನ" ಅನ್ನುವುದು ಕಾರ್ಯಕ್ರಮದ ವಿಷಯ. ಹದಿನಾಲ್ಕು ನಿಮಿಷ. ಶುರುವಿಗೆ ಮಳೆ. ಹೆಂಚಿನ ಮೇಲೆ ಬೀಳುವ ಜಡಿಮಳೆ, ಹಿಂದೆ ಒಂದೆರಡು ಕಪ್ಪೆ, ಆಮೇಲೆ ಮಳೆ ಮೆಲ್ಲಗೆ ಹಿಂದೆ ಸರಿದು ಅಜ್ಜಿಯ ದನಿ ಮುಂದೆ ಬರುತ್ತದೆ. ಆ ಮಳೆ ನಮ್ಮ ಮನೆಯದೇ. ಒಂದು ರಾತ್ರಿ ಕಿಟಕಿಯಲ್ಲಿ ಮೈಕ್ ಇಟ್ಟು ಹಿಡಿದಿದ್ದೆ. ಕಾರ್ಯಕ್ರಮ ಬಂದ ಮೇಲೆ ಕುಮಟಾದಿಂದ ಒಬ್ಬರು ಕಾರ್ಡ್ ಬರೆದಿದ್ದರು: ಮಳೆ ಸದ್ದು ಕೇಳುತ್ತಿದ್ದ ಹಾಗೇ ಕಣ್ಣು ತುಂಬಿ ಬಂತು ಅಂತ. ಆ ಕಾರ್ಡನ್ನು ಬಹಳ ದಿನ ಶರ್ಟಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದ್ದೆ.

ಅಜ್ಜಿ ಮಾತ್ರ ಅದನ್ನು ಕೇಳಿಯೇ ಇರಲಿಲ್ಲ. ಪ್ರಸಾರದ ದಿನ ಯಾವುದು ಅಂತ ನಾನು ಹೇಳಿ ಕಳಿಸಿರಲಿಲ್ಲ. ಹೇಳಬೇಕು ಅಂತ ಹೊಳೆದೇ ಇರಲಿಲ್ಲ ಅನ್ನುವುದು ನಿಜ. ಸುಮಾರು ಹದಿನೆಂಟು ವರ್ಷ ಆದಮೇಲೆ, ಬೇರೆ ಯಾವುದೋ ಕೆಲಸಕ್ಕೆ ಆ ಕಡೆ ಹೋದವನು ಫೋನಿನಲ್ಲಿ ಅದನ್ನು ಹಾಕಿ ಅವರ ಕೈಗೆ ಕೊಟ್ಟೆ. ಮೊದಲು ಅವರಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. "ಇದು ನಮ್ಮ ಅಕ್ಕನ ಸ್ವರ, ಅವಳು ಹೋಗಿ ಎಷ್ಟು ವರ್ಷ ಆಯ್ತು" ಅಂದರು. ಸೊಸೆ ಬಂದು, ಅಲ್ಲ, ಅದು ನೀವೇ ಅಂತ ನಂಬಿಸಿದಳು. ಸ್ವಲ್ಪ ಹೊತ್ತು ನಕ್ಕರು. ಆಮೇಲೆ ಗಂಭೀರವಾಗಿ ಕೇಳಿದರು. ಮುಗಿದ ಮೇಲೆ ಕೇಳಿದ ಮೊದಲ ಮಾತು, "ಅದೆಲ್ಲಾ ಸರಿ, ಈ ಮಳೆ ಎಂತಕೆ ಹಾಕಿದ್ಯಾ?"

"ಮನೆ ಬಿಟ್ಟ ದಿನ ಮಳೆ ಇತ್ತು ಅಂತ ನೀವೇ ಹೇಳಿದ್ರಲ್ಲ ಅಜ್ಜಿ."

"ಮಳೆ ಎಲ್ಲಿತ್ತಾ ತಮಾ? ಆವತ್ತು ನಾ ಹಲಸಿನ ಹಪ್ಪಳ ಒಣಗ್ಸಿದ್ದೆ. ಮಳೆ ಬರ್ತಾ ಇದ್ರೆ ಯಾರಾದ್ರೂ ಹಪ್ಪಳ ಒಣಗ್ಸ್ತಾರಾ?"

ಇದಕ್ಕೆ ಉತ್ತರ ಇಲ್ಲ. ಹಲಸಿನ ಹಪ್ಪಳ ಅಂದರೆ ಏಪ್ರಿಲ್, ಮೇ. ಮಳೆಗೆ ಇನ್ನೂ ಮೂರು ನಾಲ್ಕು ವಾರ ಇರುವಾಗಿನ ಉರಿಬಿಸಿಲು. ಅವತ್ತು ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಹಚ್ಚಿಟ್ಟಿದ್ದಾರೆ. ನಾಳೆ ಅಂದುಕೊಂಡಿದ್ದ ಲಾರಿ ಅವತ್ತೇ ಬಂದಿದೆ. ಪಾತ್ರೆ, ಹಾಸಿಗೆ, ಕೋಳಿ ಎಲ್ಲ ಏರಿಸಿದ ಮೇಲೆ ಈ ಅರೆ ಒಣಗಿದ ಹಪ್ಪಳ ಏನು ಮಾಡುವುದು? ಚಾಪೆ ಸಮೇತ ಸುತ್ತಿ, ಲಾರಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. ಬಿಚ್ಚಿ ನೋಡಿದರೆ ಅರ್ಧ ಮುರಿದಿತ್ತು, ಅರ್ಧ ಒಂದಕ್ಕೊಂದು ಅಂಟಿಕೊಂಡಿತ್ತು. ಹೊಸ ಜಾಗದಲ್ಲಿ ಅಂಗಳ ಅನ್ನುವುದೇ ಇರಲಿಲ್ಲ, ಬರೀ ಕೆಮ್ಮಣ್ಣು. ಒಂದು ತಿಂಗಳು ಮಕ್ಕಳು ಆ ಚೂರುಗಳನ್ನೇ ಕರಿದು ತಿಂದರು. ಇದನ್ನು ಹೇಳುವಾಗ ಅಜ್ಜಿ ಅಳಲಿಲ್ಲ. ಚಾಪೆಯನ್ನು ಹೇಗೆ ಸುತ್ತಿದ್ದು ಅಂತ ಕೈಯಲ್ಲಿ ಮಾಡಿ ತೋರಿಸಿದರು.

ನನ್ನ ಹದಿನಾಲ್ಕು ನಿಮಿಷದಲ್ಲಿ ಈ ಹಪ್ಪಳ ಇಲ್ಲ. ಮಳೆ ಇದೆ.

ಬ್ಲೇಡು ಮತ್ತು ಹಳದಿ ಪೆನ್ಸಿಲ್

ನಾನು ರೇಡಿಯೋ ಕೆಲಸಕ್ಕೆ ಸೇರಿದ್ದು ಸ್ಪೂಲ್ ಟೇಪಿನ ಕಾಲ ಮುಗಿಯುತ್ತಿದ್ದಾಗ. ಸೇರಿದ್ದು ಅಂದರೆ ಕಾಯಂ ಕೆಲಸ ಅಲ್ಲ, ಕ್ಯಾಶುವಲ್ ಅನೌನ್ಸರ್. ತಿಂಗಳಿಗೆ ಇಷ್ಟು ಡ್ಯೂಟಿ, ಡ್ಯೂಟಿಗೆ ಇಷ್ಟು ದುಡ್ಡು. ಕಾಲು ಇಂಚಿನ ಕಂದು ಟೇಪನ್ನು ತಲೆಯ ಮೇಲೆ ಕೈಯಲ್ಲಿ ಹಿಂದೆ ಮುಂದೆ ಎಳೆಯುತ್ತ, ಶಬ್ದ ಎಲ್ಲಿ ಶುರುವಾಗುತ್ತದೆ ಅಂತ ಕಿವಿಯಲ್ಲೇ ಹುಡುಕಿ, ಅಲ್ಲಿ ಹಳದಿ ಪೆನ್ಸಿಲಿನಿಂದ ಗೆರೆ ಹಾಕಿ, ದಾಡಿ ಬ್ಲೇಡಿನಿಂದ ಓರೆಯಾಗಿ ಕತ್ತರಿಸುವುದನ್ನು ಹಿರಿಯರೊಬ್ಬರು ಕಲಿಸಿದರು. (ತಲೆ ಅಂದರೆ ಮಷೀನಿನ ಹೆಡ್. ನಮ್ಮಲ್ಲಿ ಹಾಗೇ ಹೇಳುತ್ತಿದ್ದರು. "ತಲೆ ಒರೆಸಿದ್ಯಾ?" ಅಂತ ಅವರು ಕೇಳಿದಾಗ ಮೊದಲ ದಿನ ನಾನು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡಿದ್ದೆ.) ಕತ್ತರಿಸಿದ ಚೂರುಗಳು ನೆಲದ ಮೇಲೆ ಬೀಳುತ್ತಿದ್ದವು. ಕೆಮ್ಮು, "ಅದೂ... ಅಂದ್ರೆ...", ಎಲೆ ಅಡಿಕೆ ಉಗುಳಲು ಎದ್ದು ಹೋದದ್ದು, ನಾಯಿ, ಮಧ್ಯೆ ಬಂದು ಮಾತಾಡಿಸಿದ ಪಕ್ಕದ ಮನೆಯವರು. ಸಂಜೆ ಗುಡಿಸುವ ಹೊತ್ತಿಗೆ ಒಂದು ಮೊರ ಆಗುವಷ್ಟು ಕಂದು ಎಳೆಗಳು.

ಎಲ್ಲಕ್ಕಿಂತ ಮೊದಲು ಕತ್ತರಿಸಬೇಕಾದದ್ದು ನಮ್ಮ ಪ್ರಶ್ನೆ. "ನಿನ್ನ ದನಿ ಕೇಳೋಕೆ ಯಾರೂ ರೇಡಿಯೋ ಹಾಕೋದಿಲ್ಲ" ಅಂತ ಆ ಹಿರಿಯರು ಹೇಳುತ್ತಿದ್ದರು. ಇವತ್ತಿಗೂ ಅದು ಒಳ್ಳೆಯ ಮಾತು ಅಂತಲೇ ನಾನು ಅಂದುಕೊಂಡಿದ್ದೇನೆ. ಟೀವಿಯಲ್ಲಿ ಪ್ರಶ್ನೆ ಕೇಳುವವರನ್ನು ನೋಡುವಾಗಲಂತೂ ಯಾರಾದರೂ ಆ ಬ್ಲೇಡು ಕೊಡಬಾರದೇ ಅನಿಸುತ್ತದೆ. ಪ್ರಶ್ನೆ ತೆಗೆದರೆ ಹೇಳುವವರು ತಾವೇ ತಮ್ಮಷ್ಟಕ್ಕೆ ನೆನಪು ಮಾಡಿಕೊಂಡು ಹೇಳಿದ ಹಾಗೆ ಕೇಳಿಸುತ್ತದೆ. ಹಾಗೆ ಕೇಳಿಸಬೇಕು ಅಂತಲೇ ನಾವು ತೆಗೆಯುವುದು. ನಡುವಿನ ಮೌನವೂ ಹಾಗೇ. ಮೂರು ಸೆಕೆಂಡು ಸುಮ್ಮನಿದ್ದರೆ ಕೇಳುಗರು ಸ್ಟೇಷನ್ ಬಂದ್ ಆಯಿತು ಅಂದುಕೊಂಡು ಪಣಜಿ ಸ್ಟೇಷನ್ನಿಗೆ ತಿರುಗಿಸುತ್ತಾರೆ ಅನ್ನುವ ಹೆದರಿಕೆ.

ಕಂಪ್ಯೂಟರ್ ಬಂದ ಮೇಲೆ ಕೆಲಸ ಸುಲಭ ಆಯಿತು, ಕತ್ತರಿಸುವುದು ಜಾಸ್ತಿ ಆಯಿತು. ನೆಲದ ಮೇಲೆ ಏನೂ ಬೀಳುವುದಿಲ್ಲವಲ್ಲ. ಎಷ್ಟು ತೆಗೆದೆವು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ಕತ್ತರಿಯೂ ಇತ್ತು, ಅದು ಭಾಷೆಯದು. ಈ ಜಿಲ್ಲೆಯಲ್ಲಿ ಒಂದು ಬಸ್ ಕಾರವಾರದಿಂದ ಶಿರಸಿಗೆ ಹೋಗುವುದರೊಳಗೆ ಎಷ್ಟು ಮಾತು ಹತ್ತಿ ಇಳಿಯುತ್ತದೆ ಅನ್ನುವುದು ಕಂಡಕ್ಟರಿಗೆ ಗೊತ್ತು. ಕೊಂಕಣಿ, ಅದರಲ್ಲೇ ಮೀನುಗಾರರದು ಒಂದು, ಭಟ್ಟರದು ಒಂದು. ಹಾಲಕ್ಕಿಯವರ ಕನ್ನಡ, ನಾಡವರ ಕನ್ನಡ, ಘಟ್ಟ ಹತ್ತಿದರೆ ನಮ್ಮ ಹವ್ಯಕರದು. ಭಟ್ಕಳದ ಕಡೆ ಹೋದರೆ ನವಾಯತಿ, ಯಲ್ಲಾಪುರದ ಕಡೆ ಸಿದ್ದಿಗಳ ಕೊಂಕಣಿ. ಇವೆಲ್ಲ ಮೈಕಿನ ಮುಂದೆ ಬಂದ ಕೂಡಲೇ ಒಂದೇ ಅಂಗಿ ತೊಟ್ಟುಕೊಳ್ಳುತ್ತಿದ್ದವು. ತೊಡಲು ಬಾರದವರ ಮಾತಿನ ಮೇಲೆ ನನ್ನ ದನಿಯ ಕನ್ನಡ ಅನುವಾದ ಹೇರುತ್ತಿದ್ದೆ. ಬೈತಖೋಲಿನ ಮೀನುಗಾರರೊಬ್ಬರು ಗಾಳಿಯ ಹೆಸರುಗಳನ್ನೆಲ್ಲ ಒಂದೊಂದಾಗಿ ಕೊಂಕಣಿಯಲ್ಲಿ ಹೇಳಿದ್ದನ್ನು ನಾನು "ಬೇರೆ ಬೇರೆ ಗಾಳಿಗಳಿಗೆ ಬೇರೆ ಬೇರೆ ಹೆಸರುಗಳಿವೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಶಿರಸಿ ಕಡೆಯ ಹಳ್ಳಿಯಿಂದ ಬಂದ ನಾನೂ ಮನೆಯಲ್ಲಿ ಆಯಿಯ ಹತ್ತಿರ "ಗೊತ್ತಿಲ್ಲೆ" ಅನ್ನುವವನು, ಸ್ಟುಡಿಯೋದಲ್ಲಿ "ತಿಳಿದಿಲ್ಲ" ಅನ್ನುತ್ತಿದ್ದೆ. ಹಾಗಾಗಿ ಬೇರೆಯವರ ಮಾತಿಗೆ ಇಸ್ತ್ರಿ ಹಾಕುವುದು ತಪ್ಪು ಅಂತ ಅನಿಸಿರಲೇ ಇಲ್ಲ.

ಕೆಂಪು ಕಾಲುಚೀಲದ ಮುದುಕ

ಸ್ಟಡ್ಸ್ ಟರ್ಕೆಲ್ ಎಂಬ ಹೆಸರನ್ನು ನಾನು ಮೊದಲು ನೋಡಿದ್ದು ಆತ ಸತ್ತಾಗ. 2008ರ ಅಕ್ಟೋಬರ್ 31ರಂದು ಶಿಕಾಗೋದಲ್ಲಿ ತೀರಿಕೊಂಡ, 96 ವರ್ಷ. ಪೇಪರಿನ ಒಳಪುಟದಲ್ಲಿ ಫೋಟೋ ಇತ್ತು. ನಲವತ್ತೈದು ವರ್ಷ ಒಂದೇ ಊರಿನ ಒಂದೇ ರೇಡಿಯೋದಲ್ಲಿ ಜನರನ್ನು ಮಾತಾಡಿಸಿದ ಮನುಷ್ಯ ಅಂತ ಓದಿ, ಇಂಥವರೂ ಇರುತ್ತಾರಾ ಅಂತ ಆಶ್ಚರ್ಯ ಆಗಿತ್ತು. ನನ್ನದು ಆಗ ಹತ್ತು ವರ್ಷವೂ ಆಗಿರಲಿಲ್ಲ, ಆಗಲೇ ಸಾಕಾಗಿತ್ತು.

ಆಮೇಲೆ ಆತನ ವಿಷಯ ಸಿಕ್ಕಿದ್ದೆಲ್ಲ ಓದಿದೆ. ಹುಟ್ಟಿದ್ದು 1912ರಲ್ಲಿ, ನ್ಯೂಯಾರ್ಕಿನಲ್ಲಿ. ಚಿಕ್ಕವನಿದ್ದಾಗಲೇ ಮನೆಯವರು ಶಿಕಾಗೋಕ್ಕೆ ಬಂದು, ಕೆಲಸಗಾರರು ಉಳಿಯುವ ಒಂದು ವಸತಿಗೃಹ ನಡೆಸಿದರು. ಸಂಜೆ ಅಲ್ಲಿ ಕೂತವರ ಜಗಳ, ಹರಟೆ, ಸುಳ್ಳು, ರಾಜಕೀಯ ಎಲ್ಲ ಕೇಳಿಕೊಂಡು ಹುಡುಗ ಬೆಳೆದ. ಕಾನೂನು ಓದಿ 1934ರಲ್ಲಿ ಪದವಿ ತೆಗೆದುಕೊಂಡ, ವಕೀಲಿ ಮಾಡಲಿಲ್ಲ. ರೇಡಿಯೋ ನಾಟಕಗಳಲ್ಲಿ ಗೂಂಡಾ ಪಾತ್ರ ಮಾಡಿದ. ಟೀವಿಯಲ್ಲಿ ಒಂದು ಒಳ್ಳೆಯ ಕಾರ್ಯಕ್ರಮ ನಡೆಯುತ್ತಿತ್ತು. ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಕೆಲಸದಿಂದ ತೆಗೆಯುತ್ತಿದ್ದ ಕಾಲ ಅದು. ಹಿಂದೆ ಯಾವ್ಯಾವುದೋ ಮನವಿಗಳಿಗೆ ಸಹಿ ಹಾಕಿದ್ದಕ್ಕೆ ಟೀವಿಯ ಬಾಗಿಲು ಮುಚ್ಚಿತು. 1952ರಲ್ಲಿ ಡಬ್ಲ್ಯೂಎಫ್‌ಎಂಟಿ ಎಂಬ ಚಿಕ್ಕ ರೇಡಿಯೋಕ್ಕೆ ಬಂದ. 1997ರ ತನಕ ಅಲ್ಲೇ ಇದ್ದ. ಟೀವಿಯವರು ಹೊರಗೆ ಹಾಕಿರದಿದ್ದರೆ ಈ ಮನುಷ್ಯ ರೇಡಿಯೋಕ್ಕೆ ಸಿಗುತ್ತಲೇ ಇರಲಿಲ್ಲವೇನೋ.

ನನಗೆ ಆತ ಹತ್ತಿರ ಆಗಿದ್ದು ಪ್ರಶಸ್ತಿಗಳಿಂದ ಅಲ್ಲ. ಆತನಿಗೆ ಮಷೀನು ಬರುತ್ತಿರಲಿಲ್ಲ. ಕೊನೆಯ ತನಕ ಕಾರು ಓಡಿಸಲು ಕಲಿಯಲಿಲ್ಲ, ಬಸ್ಸಿನಲ್ಲೇ ಓಡಾಡಿ ಪಕ್ಕದಲ್ಲಿ ಕೂತವರನ್ನು ಮಾತಾಡಿಸುತ್ತಿದ್ದ. ಟೇಪ್ ರೆಕಾರ್ಡರಿನ ಗುಂಡಿ ತಪ್ಪಾಗಿ ಒತ್ತಿ ದೊಡ್ಡ ದೊಡ್ಡವರ ಮಾತು ಕಳೆದುಕೊಂಡಿದ್ದ. ನೃತ್ಯಗಾತಿ ಮಾರ್ತಾ ಗ್ರಹಾಂ ಸಂದರ್ಶನ ಹೀಗೇ ಹೋಯಿತು ಅಂತ ತಾನೇ ಹೇಳಿಕೊಂಡು ನಗುತ್ತಿದ್ದ. ಇವನು ತಡವರಿಸುವುದನ್ನು ನೋಡಿ ಎದುರಿಗೆ ಕೂತವರೇ, "ನೋಡಿ, ನಿಮ್ಮ ರೀಲು ತಿರುಗುತ್ತಿಲ್ಲ" ಅನ್ನುತ್ತಿದ್ದರಂತೆ. ಅಲ್ಲಿಗೆ ಅವರ ಹೆದರಿಕೆ ಹೋಯಿತು, ಮಾತು ಬಂತು. ಮಾತಾಡಿಸಿದ್ದು ಮಾತ್ರ ಎಂಥವರನ್ನೆಲ್ಲ! ಕಸ ಎತ್ತುವವರು, ಉಕ್ಕಿನ ಕಾರ್ಖಾನೆಯವರು, ಹೋಟೆಲಿನಲ್ಲಿ ಬಡಿಸುವವರು. ದಿನವಿಡೀ ಏನು ಮಾಡುತ್ತೀರಿ, ಅದು ಹೇಗನಿಸುತ್ತದೆ ಅಂತ ನೂರಕ್ಕೂ ಹೆಚ್ಚು ಜನರನ್ನು ಕೇಳಿ 1974ರಲ್ಲಿ ಒಂದು ದಪ್ಪ ಪುಸ್ತಕ ಮಾಡಿದ. ಎರಡನೇ ಮಹಾಯುದ್ಧದ ನೆನಪುಗಳ ಪುಸ್ತಕಕ್ಕೆ 1985ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಕೆಂಪು ಚೌಕುಳಿ ಅಂಗಿ, ಕೆಂಪು ಕಾಲುಚೀಲ. ಕೊನೆಗಾಲದಲ್ಲಿ ಕಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. ಆಯುಷ್ಯ ಪೂರ್ತಿ ಕೇಳಿ ಕೇಳಿ ಕಿವಿ ಸವೆದು ಹೋಯಿತೇ ಅಂತ ನನ್ನ ಹೆಂಡತಿ ತಮಾಷೆ ಮಾಡಿದ್ದಳು.

ಆತ ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಘಟನೆ ಇದೆ. ಬಡವರ ವಸತಿಯಲ್ಲಿ ಒಬ್ಬ ಹೆಂಗಸನ್ನು ಮಾತಾಡಿಸುತ್ತಿದ್ದಾನೆ. ಸುತ್ತ ಮೂರ್ನಾಲ್ಕು ಮಕ್ಕಳು, ಅಮ್ಮನ ದನಿ ಮಷೀನಿನಲ್ಲಿ ಕೇಳಬೇಕು ಅಂತ ಅವಕ್ಕೆ ಗಡಿಬಿಡಿ. ಸರಿ ಅಂತ ಟೇಪು ಹಿಂದೆ ತಿರುಗಿಸಿ ಹಾಕಿದ. ಆಕೆ ತನ್ನ ಮಾತು ತಾನೇ ಕೇಳಿ ಬಾಯಿಗೆ ಕೈ ಇಟ್ಟುಕೊಂಡಳು. ನನಗೆ ಹೀಗೆ ಅನಿಸುತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ ಅಂದಳು.

ಇದನ್ನು ಓದಿದ ದಿನ ನಾನು ಲೆಕ್ಕ ಹಾಕಿದೆ. ಅಲ್ಲಿವರೆಗೆ ಅರವತ್ತಕ್ಕೂ ಹೆಚ್ಚು ಜನರ ಮಾತು ಹಿಡಿದಿದ್ದೆ. ಎಷ್ಟು ಜನರಿಗೆ ವಾಪಸ್ ಕೇಳಿಸಿದ್ದೆ? ಒಬ್ಬರಿಗೂ ಇಲ್ಲ. ಚಹಾ ಕುಡಿದು, ಮಾತು ತುಂಬಿಕೊಂಡು, ಬಸ್ ಹತ್ತಿ ಬಂದವನು ನಾನು. ಹಾಗೆ ಲೆಕ್ಕ ಹಾಕಿದ ಮೇಲೂ ತೋಡೂರಿಗೆ ಹೋಗಲು ಇಷ್ಟು ವರ್ಷ ಹಿಡಿಯಿತು ಅನ್ನುವುದನ್ನೂ ಇಲ್ಲಿ ಹೇಳಬೇಕು.

ಚೀಲಕ್ಕೆ ಹೋದ ಮೇಲೆ ಬಂದ ಮಾತು

ನಮ್ಮ ಜಿಲ್ಲೆಯಲ್ಲಿ ಹಾಡು ಹಿಡಿದಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿ, ಕುಮಟಾದ ಎಲ್.ಆರ್. ಹೆಗಡೆ ಇವರೆಲ್ಲ ಊರೂರು ಅಲೆದು ಹಾಡು, ಕಥೆ ಕೂಡಿಸದೇ ಇದ್ದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಎಲ್ಲರ ಫೋನಿನಲ್ಲೂ ಅವರ ಹಾಡೇ. ಅದೇ ಸುಕ್ರಜ್ಜಿ ಸಾರಾಯಿ ವಿರುದ್ಧ ಬೀದಿಗೆ ಇಳಿದವರು. ಅದನ್ನು ಅವರು ತಮ್ಮ ಮಾತಿನಲ್ಲೇ ಹೇಳಿದ ಒಂದು ತುಣುಕು ಯಾರಾದರೂ ಹಂಚಿಕೊಂಡಾರೇ ಅಂತ ಕಾದೆ. ನನಗಂತೂ ಬರಲಿಲ್ಲ. ಹಳ್ಳಿಯ ಮುದುಕಿ ಕಂಡರೆ ನಾವು ಕೇಳುವುದು "ಒಂದು ಹಾಡು ಹೇಳಜ್ಜಿ" ಅಂತಲೇ. ಮಾತು ಯಾರಿಗೂ ಬೇಡ.

ಸ್ವಾತಂತ್ರ್ಯ ಹೋರಾಟದವರಿಗೆ ಬೇರೆ ಥರದ ಪಾಡು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು. ಆಮೇಲೆ ಕರನಿರಾಕರಣೆ. ಜಮೀನು ಜಪ್ತಿ ಆಯಿತು, ಹರಾಜಾಯಿತು. ಸಿದ್ದಾಪುರದ ಕಡೆ ಹೆಂಗಸರು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ನೆನಪಿಗೆ ಸ್ಮಾರಕ ಇದೆ. ಹರಾಜಿನ ಕಾಗದ ಮುಂಬೈ ಸರ್ಕಾರದ ದಫ್ತರಿನಲ್ಲಿ ಎಲ್ಲೋ ಸಿಕ್ಕೀತು. ಹಸಿದು ಕೂತವರು ಸಂಜೆ ಹೊತ್ತಿಗೆ ಏನು ಮಾತಾಡಿಕೊಂಡರು ಅನ್ನುವುದು ಯಾವ ದಫ್ತರಿನಲ್ಲೂ ಇರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಕೋಲೆ ಕಡೆಯ ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಉಪ್ಪಿನ ವರ್ಷ ಅವರು ಹನ್ನೆರಡರ ಹುಡುಗ. ಯುಪಿಟಿಆರ್ ಅಂತ ನಾವು ಕರೆಯುತ್ತಿದ್ದ ಹೆಗಲಿಗೆ ಹಾಕುವ ರೆಕಾರ್ಡರನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಅವರು ಒಳಗೆ ಹೋಗಿ ಟೊಪ್ಪಿ ಹಾಕಿಕೊಂಡು ಬಂದರು. ನಲವತ್ತು ನಿಮಿಷ ಭಾಷಣ. ಮಹಾತ್ಮರ ಕರೆಗೆ ಓಗೊಟ್ಟು, ದಾಸ್ಯದ ಸಂಕೋಲೆಯನ್ನು ಕಿತ್ತೊಗೆದು. ಆಗಸ್ಟ್ 15ಕ್ಕೆ ಎಷ್ಟು ಶಾಲೆಗಳಲ್ಲಿ ಹೇಳಿದ್ದರೋ, ಒಂದು ಅಕ್ಷರ ಆಚೆ ಈಚೆ ಆಗಲಿಲ್ಲ. ನಾನು ಧನ್ಯವಾದ ಹೇಳಿ ಮಷೀನು ಚೀಲಕ್ಕೆ ಹಾಕಿದೆ. ಅವರು ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಆಮೇಲೆ ಅಂದರು, "ಆ ಉಪ್ಪು ಬಾಯಿಗೆ ಹಾಕೂಕಾಗ್ತಿರಲಿಲ್ಲ ಮಾರಾಯ. ಕಹಿ. ಮಣ್ಣು ಬೇರೆ. ನಾ ಒಂದು ಮುಷ್ಟಿ ಚಡ್ಡಿ ಕಿಸೆಯಲ್ಲಿ ತಂದಿದ್ದೆ. ಅವ್ವ ಅದನ್ನು ಸಾರಿಗೆ ಹಾಕಲಿಲ್ಲ, ಎಸೆಯಲೂ ಇಲ್ಲ. ಒಂದು ಗರಟೆಯಲ್ಲಿ ಇಟ್ಟಳು. ಮಳೆಗಾಲದಲ್ಲಿ ನೀರಾಗಿ ಹೋಯ್ತು."

ಚೀಲದ ಜಿಪ್ಪು ಮತ್ತೆ ತೆಗೆಯಲು ನನಗೆ ಸಂಕೋಚ ಆಯಿತು. ಇನ್ನೊಮ್ಮೆ ಹೇಳಿ ಅಂದರೆ ಮತ್ತೆ ಟೊಪ್ಪಿ ಹಾಕಿಕೊಂಡುಬಿಟ್ಟರೆ? ಭಾಷಣ ಪ್ರಸಾರ ಆಯಿತು. ಟೇಪಿಗೆ ಬರ ಇದ್ದ ಕಾಲ, ಸ್ವಲ್ಪ ದಿನದಲ್ಲೇ ಆ ರೀಲಿನ ಮೇಲೆ ಯಾರೋ ಗೊಬ್ಬರದ ಬಗ್ಗೆ ಮಾತಾಡಿದರು. ಈಗ ಭಾಷಣವೂ ಇಲ್ಲ. ಗರಟೆಯಲ್ಲಿ ಕರಗಿದ ಉಪ್ಪು ಮಾತ್ರ ನನ್ನ ತಲೆಯಲ್ಲಿದೆ. ಮಷೀನಿನ ತಲೆಯಲ್ಲಲ್ಲ, ನನ್ನದರಲ್ಲಿ.

ಕ್ಯಾಸೆಟ್

ಮತ್ತೆ ತೋಡೂರಿಗೆ ಬರುತ್ತೇನೆ. ಹಪ್ಪಳದ ಮಾತು ಕೇಳಿ ಮನೆಗೆ ಬಂದವನಿಗೆ ಮೊದಲು ಬಂದದ್ದು ಸಿಟ್ಟು. ನಾನೇನು ಕನಸು ಕಂಡಿದ್ದೆನೇ? ಮಳೆ ಇತ್ತು ಅಂತ ಅವರೇ ಹೇಳಿದ್ದು, ಕಾರ್ಯಕ್ರಮದಲ್ಲಿ ಅವರದೇ ದನಿಯಲ್ಲಿ ಇದೆ. "ಹ್ಞೂಂ, ಜೋರು ಮಳೆ. ಎಲ್ಲ ಒದ್ದೆ." ಇದಕ್ಕಿಂತ ಸ್ಪಷ್ಟ ಬೇಕಾ?

ಮೂಲ ಕ್ಯಾಸೆಟ್ ಮನೆಯಲ್ಲೇ ಇತ್ತು. ಅಟ್ಟದ ಮೇಲೆ ಬಿಸ್ಕಿಟಿನ ತಗಡಿನ ಡಬ್ಬದಲ್ಲಿ, ಡಾಂಬರ್ ಗುಳಿಗೆ ಹಾಕಿ ಇಟ್ಟಿದ್ದೆ. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು. ಬೆಲ್ಟು, ಚಪ್ಪಲಿ, ಕನ್ನಡಕದ ಡಬ್ಬಕ್ಕೆಲ್ಲ ಬೂಷ್ಟು ಬರುವಾಗ ಕ್ಯಾಸೆಟ್ ಬಿಟ್ಟೀತೇ? ರೀಲಿನ ಅಂಚಿಗೆ ಬಿಳೀ ಪುಡಿ ಹಿಡಿದಿತ್ತು. ಅದನ್ನು ಹತ್ತಿಯಲ್ಲಿ ಒರೆಸಿ, ಗೆಳೆಯನ ಗ್ಯಾರೇಜಿನಿಂದ ಹಳೇ ಡೆಕ್ ತಂದು, ಎರಡು ಸಲ ಸಿಕ್ಕಿಹಾಕಿಕೊಂಡ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಿ, ಅಂತೂ ಒಂದು ಭಾನುವಾರ ಕೇಳಲು ಕೂತೆ.

ಕ್ಯಾಸೆಟ್ ಪೂರ್ತಿ ಮಳೆ. ಶಬ್ದಕ್ಕೆ ಸೇರಿಸಿದ್ದಲ್ಲ, ನಾನು ಅವರ ಮನೆಗೆ ಹೋದ ದಿನದ ಜುಲೈ ಮಳೆ, ಶೀಟಿನ ಮೇಲೆ ಬೀಳುತ್ತಿದ್ದದ್ದು. ಮಾತೇ ಸರಿ ಕೇಳಿಸುವುದಿಲ್ಲ. ಅಜ್ಜಿ ಲಾರಿಯ ವಿಷಯ ಶುರು ಮಾಡುತ್ತಾರೆ. "ಆವತ್ತು ಬೆಳಿಗ್ಗೆ ಅಂಗಳದಾಗೆ..." ಅನ್ನುತ್ತಾರೆ. ಅಲ್ಲಿಗೆ ಒಂದು ಗಂಡು ದನಿ ಬಾಯಿ ಹಾಕುತ್ತದೆ. ತೆಳ್ಳಗಿನ, ಅವಸರದ, ತನ್ನ ಉಚ್ಚಾರ ತನಗೇ ಬಹಳ ಇಷ್ಟ ಅನ್ನುವಂಥ ದನಿ. "ಆವತ್ತೂ ಹೀಗೇ ಮಳೆ ಇತ್ತಾ ಅಜ್ಜಿ?"

ನಾಲ್ಕು ಸೆಕೆಂಡು ಏನೂ ಇಲ್ಲ. ಶೀಟಿನ ಸದ್ದು ಮಾತ್ರ.

"ಹ್ಞೂಂ" ಅನ್ನುತ್ತಾರೆ ಅಜ್ಜಿ.

"ಜೋರಾ?"

"ಹ್ಞೂಂ, ಜೋರು ಮಳೆ." ಮತ್ತೆ ಎರಡು ಸೆಕೆಂಡು. "ಎಲ್ಲ ಒದ್ದೆ."

ಎಲ್ಲ ಒದ್ದೆ ಅಂದದ್ದು ಯಾವ ದಿನದ ಬಗ್ಗೆ ಅನ್ನುವುದೂ ಈಗ ನನಗೆ ಅನುಮಾನ. ನಾವು ಕೂತಿದ್ದ ಜಗಲಿಗೆ ಇರಚಲು ಬಂದು ಅವತ್ತು ಎಲ್ಲ ಒದ್ದೆಯಾಗಿತ್ತು. ನಾನು ಮಾಡಿದ್ದು ಏನು? ನನ್ನ ಎರಡು ಪ್ರಶ್ನೆ ತೆಗೆದೆ, ಎರಡು ಮೌನ ತೆಗೆದೆ, ಉಳಿದ ಎರಡು ಚೂರನ್ನು ಅಂಟಿಸಿದೆ. ಆಮೇಲೆ ಸಾಕ್ಷಿಗೆ ನಮ್ಮ ಮನೆಯ ಮಳೆ ಸುರಿಸಿದೆ. ದೂರದ ಪೇಟೆಯಿಂದ ಮೈಕ್ ಹಿಡಿದು ಮಳೆಯಲ್ಲಿ ನೆನೆದು ಬಂದ ಹುಡುಗ ಆಸೆಯಿಂದ ಕೇಳಿದರೆ ಇಲ್ಲ ಅನ್ನುವುದು ಹೇಗೆ ಅಂತ ಅವರು ಹ್ಞೂಂ ಅಂದಿರಬೇಕು. ನಮ್ಮ ಕಡೆ ಮನೆಗೆ ಬಂದವರಿಗೆ ಇಲ್ಲ ಅನ್ನುವ ರೂಢಿ ಇಲ್ಲ ಅಲ್ವಾ? ಅಂಗಳದಲ್ಲಿ ಇದ್ದದ್ದು ಏನು ಅಂತ ಕೇಳಲು ಒಂದೇ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಸಾಕಿತ್ತು.

ಟರ್ಕೆಲ್‌ನ ಪುಸ್ತಕಗಳಲ್ಲೂ ಆತನ ಪ್ರಶ್ನೆಗಳು ಹೆಚ್ಚಾಗಿ ಇರುವುದಿಲ್ಲ. ಜನ ತಾವೇ ಹೇಳಿಕೊಂಡು ಹೋದ ಹಾಗೆ ಪುಟ ಸಾಗುತ್ತದೆ. ಮೊದಲು ಅದನ್ನು ಓದಿದಾಗ ಆಹಾ ಅನಿಸಿತ್ತು. ಆದರೆ ಆತನ ರೇಡಿಯೋ ಟೇಪುಗಳು 2018ರಿಂದ ಇಂಟರ್ನೆಟ್ಟಿನಲ್ಲೇ ಕೇಳಲು ಸಿಗುತ್ತವೆ. ಅಲ್ಲಿ ಕೇಳಿದರೆ ಬೇರೆಯೇ ಮನುಷ್ಯ. ಮಧ್ಯೆ ಬಾಯಿ ಹಾಕುತ್ತಾನೆ, ಜೋರಾಗಿ ನಗುತ್ತಾನೆ, ಎದುರಿನವರು ಅರ್ಧ ಹೇಳಿದ ವಾಕ್ಯ ತಾನೇ ಮುಗಿಸುತ್ತಾನೆ. ಒಂದೊಂದು ಸಲ ಅತಿಯಾಯಿತು ಮಾರಾಯ ಅನಿಸುತ್ತದೆ. ಆದರೂ ಯಾವ ಮಾತಿಗೆ ಯಾವ ಮಾತು ಬಂತು ಅನ್ನುವುದು ಎಲ್ಲರಿಗೂ ಕೇಳಿಸುತ್ತದೆ. ಮಳೆ ತಂದವನು ಯಾರು ಅಂತ ಗೊತ್ತಾಗುತ್ತದೆ. ಈಗ ನನಗೆ ಪುಸ್ತಕಗಳಿಗಿಂತ ಆ ಟೇಪುಗಳೇ ಹೆಚ್ಚು ನಂಬಿಕೆಯವು.

ಈ ಗೊಂದಲದಲ್ಲಿ ಇರುವಾಗಲೇ ಜನರ ಬಾಯಿಮಾತಿನಿಂದ ಇತಿಹಾಸ ಬರೆದ ಇಟಲಿಯ ಅಲೆಸ್ಸಾಂದ್ರೋ ಪೊರ್ಟೆಲ್ಲಿ ಎಂಬುವರು ಬರೆದದ್ದು ಸಿಕ್ಕಿತು. ತೆರ್ನಿ ಅನ್ನುವ ಉಕ್ಕಿನ ಊರಿನಲ್ಲಿ ಲೂಯಿಜಿ ತ್ರಾಸ್ತುಲ್ಲಿ ಎಂಬ ಹುಡುಗ, ಇಪ್ಪತ್ತೊಂದು ವರ್ಷದ ಕಾರ್ಮಿಕ, ಪೊಲೀಸರ ಗುಂಡಿಗೆ ಸತ್ತ. ಅದು 1949ರ ಮಾರ್ಚ್ 17, ಇಟಲಿ ನ್ಯಾಟೋ ಸೇರುವುದನ್ನು ವಿರೋಧಿಸಿದ ಮೆರವಣಿಗೆಯಲ್ಲಿ. ಆದರೆ ಊರಿನ ಎಷ್ಟೋ ಮುದುಕರು ಹೇಳುವುದೇ ಬೇರೆ. 1953ರಲ್ಲಿ ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದಾಗ ಬೀದಿಯಲ್ಲಿ ದೊಡ್ಡ ಗಲಾಟೆ ಆಯಿತಲ್ಲ, ಆಗ ಸತ್ತದ್ದು ಅಂತ. ಪೊರ್ಟೆಲ್ಲಿ ಇದನ್ನು ಮರೆವು ಅಂತ ತಳ್ಳಿ ಹಾಕಲಿಲ್ಲ. ಆ ಸಾವಿಗೆ ತಕ್ಕ ಜಾಗ ಅದೇ ಅಂತ ಊರಿನ ಮನಸ್ಸು ತೀರ್ಮಾನ ಮಾಡಿದೆ, ತಪ್ಪಾದ ಇಸವಿಯೂ ಏನನ್ನೋ ಹೇಳುತ್ತದೆ ಅಂದರು.

ಓದಿ ಖುಷಿ ಆಯಿತು. ಸ್ವಲ್ಪ ಜಾಸ್ತಿಯೇ ಖುಷಿ ಆಯಿತು. ಹಾಗಾದರೆ ಅಜ್ಜಿಯ ಮಳೆಗೂ ಒಂದು ಅರ್ಥ ಇದೆ, ಮನೆ ಬಿಡುವ ದುಃಖ ಮಳೆಯಾಗಿ ಬಂದಿದೆ ಅಂತ ಒಂದು ಬರಹವನ್ನೇ ಬರೆಯಬಹುದು. ಎರಡು ಪುಟ ಬರೆದೂ ಇದ್ದೆ. ಬರೆಯುತ್ತ ಬರೆಯುತ್ತ ಅದೇ ತೆಳ್ಳಗಿನ ಅವಸರದ ದನಿ ಮತ್ತೆ ಕೇಳಿಸಿದ ಹಾಗಾಯಿತು. ತೆರ್ನಿಯ ಮುದುಕರ ಇಸವಿಯನ್ನು ತಪ್ಪಿಸಿದ್ದು ಅವರದೇ ಬದುಕು. ತೋಡೂರಿನ ಅಜ್ಜಿಯ ಬದುಕು ಏನನ್ನೂ ತಪ್ಪಿಸಿರಲಿಲ್ಲ. ಅವರಿಗೆ ಬಿಸಿಲು ನೆನಪಿತ್ತು, ಚಾಪೆ ನೆನಪಿತ್ತು. ಆ ಮಳೆಯಲ್ಲಿ ಹುಡುಕಿದರೆ ಸಿಗುವ ಅರ್ಥ ನನ್ನದು, ಅವರದಲ್ಲ. ಎರಡು ಪುಟ ಹರಿದೆ. (ಹರಿದೆ ಅನ್ನುವುದು ಮಾತಿಗೆ. ಅಳಿಸಿದೆ.)

ಇನ್ನೊಂದು ಕ್ಯಾಸೆಟ್

ಫೆಬ್ರವರಿಯಲ್ಲಿ ಮತ್ತೆ ಹೋದೆ. ಈ ಸಲ ರೆಕಾರ್ಡರ್ ಚಿಕ್ಕದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಹಪ್ಪಳದ ಮಾತನ್ನು ಸರಿಯಾಗಿ ಹಿಡಿದಿಡಬೇಕು, ನಾನು ಬಾಯಿ ತೆರೆಯಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಮಷೀನು ಶುರು ಮಾಡಿ ಕಂಬಕ್ಕೆ ಒರಗಿ ಕೂತೆ. ಅಜ್ಜಿ ಬಸಳೆ ಬಿಡಿಸುತ್ತಿದ್ದರು. ಒಂದು ನಿಮಿಷ ಆಯಿತು, ಎರಡಾಯಿತು.

"ಎಂತಾ, ಏನೂ ಕೇಳೂದಿಲ್ವಾ?"

"ನೀವೇ ಹೇಳಿ ಅಜ್ಜಿ. ಎಂತ ಬೇಕಾದ್ರೂ."

"ಎಂತ ಬೇಕಾದ್ರೂ ಅಂದ್ರೆ ಎಂತ ಹೇಳೂದು? ರೇಡಿಯೋದಾಗೆ ಬತ್ತದ್ಯಾ ಇದು?"

"ಇಲ್ಲ, ನಾನು ಈಗ ರೇಡಿಯೋದಲ್ಲಿ ಇಲ್ಲ."

"ಮತ್ತೆ ಎಂತಕೆ ಹಿಡ್ಕಂಡು ಕೂತಿದ್ದೆ?"

ಆಮೇಲೆ ಹಪ್ಪಳದ ಮಾತು ಬರಲೇ ಇಲ್ಲ. ಬಂದದ್ದೆಲ್ಲ ಅವರ ಪ್ರಶ್ನೆಗಳು. ರೇಡಿಯೋ ಯಾಕೆ ಬಿಟ್ಟೆ, ಅವರು ಬಿಡಿಸಿದರೋ ನೀನೇ ಬಿಟ್ಟೆಯೋ. ಈಗ ಹೊಟ್ಟೆಪಾಡು ಹೇಗೆ. ಶಿರಸಿಯಲ್ಲಿ ತೋಟ ಇದೆಯಾ, ಯಾರು ನೋಡಿಕೊಳ್ಳುತ್ತಾರೆ. ಆಯಿ ಒಬ್ಬಳೇ ಇದ್ದಾಳಾ. ನಾನು ಎಲ್ಲದಕ್ಕೂ ಉತ್ತರ ಹೇಳಿದೆ. ನಲವತ್ತೊಂದು ನಿಮಿಷದ ಆ ರೆಕಾರ್ಡಿಂಗಿನಲ್ಲಿ ಹೆಚ್ಚು ಪಾಲು ನನ್ನದೇ ದನಿ. ಹೆಂಡತಿಗೆ ಕೂಡ ಹೇಳದ ಒಂದೆರಡು ವಿಷಯ ಅದರಲ್ಲಿದೆ. ಪುಣ್ಯಕ್ಕೆ ಅವಳು ಇಂಥದೆಲ್ಲ ಕೇಳುವುದಿಲ್ಲ.

ಮೂವತ್ತೆರಡನೇ ನಿಮಿಷದ ಹತ್ತಿರ ಅಜ್ಜಿ ಕೇಳುತ್ತಾರೆ, "ನೀ ಮನೆ ಬಿಟ್ಟು ಈ ಕಡೆ ಬಂದದ್ದು ಯಾವಾಗಾ?"

"ಕಾಲೇಜು ಮುಗಿದ ವರ್ಷ. ಜೂನಿನಲ್ಲಿ. ಜೋರು ಮಳೆ ಇತ್ತು" ಅನ್ನುತ್ತೇನೆ ನಾನು.

ಬಸಳೆ ದಂಟು ಮುರಿಯುವ ಸದ್ದು ನಿಲ್ಲುತ್ತದೆ. "ನಿಂಗೂ ಮಳೆಯಾ?" ಅಂತ ನಗುತ್ತಾರೆ. ಸೊಸೆಯೂ ಒಳಗಿನಿಂದ ನಕ್ಕಿದ್ದು ಕೇಳುತ್ತದೆ.

"ನಿಜ ಅಜ್ಜಿ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಮರೆತು ಬಸ್ ಹತ್ತಿಬಿಟ್ಟೆ. ಅಪ್ಪನ ಕೊಡೆ. ಮರದ ಹಿಡಿಕೆಯದು."

"ಕೊಡೆ ನೆನಪದ್ಯಾ?"

"ಅದೆ."

"ಹಿಡಿಕೆ?"

"ಅದೂ ನೆನಪದೆ."

ಮತ್ತೆ ದಂಟು ಮುರಿಯುವ ಸದ್ದು ಶುರುವಾಗುತ್ತದೆ. "ಹಾಗಾರೆ ಇದ್ದೀತು ಬಿಡು" ಅನ್ನುತ್ತಾರೆ.